ಉಸಿರೆಣಿಕೆ

ಉಲಾನ್‌ಬಾತರ್. ರಾತ್ರಿ ಪಾಳಿ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಮಕ್ಕಳ ವಾರ್ಡಿನಲ್ಲಿ ನನ್ನ ಕೆಲಸ
ಅಂಗಿ ಎತ್ತಿ, ಗಡಿಯಾರ ಹಿಡಿದು
ಒಂದು ನಿಮಿಷ ಎದೆ ನೋಡುವುದು.

ಏರಿತು, ಇಳಿಯಿತು: ಒಂದು.
ಹೊಳ್ಳೆ ಅರಳಿ, ಪಕ್ಕೆಯ ಸಂದು ಒಳಕ್ಕೆ ಸೇದಿ: ಎರಡು.
ಐವತ್ತು ಮೀರಿದರೆ ಕೊಳವೆ ಹಾಕು,
ಅರವತ್ತು ದಾಟಿದರೆ ಡಾಕ್ಟರನ್ನು ಎಬ್ಬಿಸು.
ಎಂಟು ತಿಂಗಳ ತೆಮುಲೆನ್‌ಗೆ ಅರವತ್ತೇಳು.
ನನ್ನದೇ ತಪ್ಪಿರಲಿ ಎಂದು ಇನ್ನೊಮ್ಮೆ ಎಣಿಸಿದೆ.
ಅರವತ್ತೊಂಬತ್ತು.

ಹಾಸಿಗೆ ಇಪ್ಪತ್ತು, ಮಕ್ಕಳು ಮೂವತ್ತೆಂಟು.
ಒಬ್ಬನ ತಲೆಯ ಬಳಿ ಇನ್ನೊಬ್ಬಳ ಕಾಲು,
ಒಂದು ಸಿಲಿಂಡರಿಗೆ ಎರಡು ಮೂಗು.
ಕಾರಿಡಾರಿನಲ್ಲಿ ಅಮ್ಮಂದಿರು
ಬೂಟು ಬಿಚ್ಚದೆ ಗೋಡೆಗೊರಗಿದ್ದಾರೆ,
ಕೆಮ್ಮುತ್ತಾರೆ ಅವರೂ, ನಿದ್ದೆ ಕೆಡಿಸಿಕೊಳ್ಳದೆ.

ತೆಮುಲೆನ್‌ಳ ಹಣೆಯಲ್ಲಿ ಮಸಿ.
ಕತ್ತಲಲ್ಲಿ ಕೂಸನ್ನು ಹೊರಗೆ ತರುವಾಗ
ಕೆಟ್ಟದ್ದು ಸೋಕದಿರಲೆಂದು ಅಜ್ಜಿ
ಒಲೆಯಂಚಿಗೆ ಬೆರಳೊತ್ತಿ ಇಟ್ಟ ದೃಷ್ಟಿಬೊಟ್ಟು.
ಜ್ವರ ನೋಡಲು ಹಣೆ ಮುಟ್ಟಿದೆ,
ಬೊಟ್ಟು ಒರೆಸಲಿಲ್ಲ.
ಡಾಕ್ಟರ್ ಗಾನ್‌ಜೊರಿಗ್ ಎಕ್ಸ್‌ರೇ ಬೆಳಕಿಗೆ ಹಿಡಿದರು.
ಅಲ್ಲಿ ಎಲ್ಲ ತಿರುಗುಮುರುಗು:
ಗಾಳಿ ಇದ್ದಲ್ಲಿ ಕಪ್ಪು,
ರೋಗ ಕೂತಲ್ಲಿ ಬಿಳುಪು.
ಬಲಗಡೆ ಕೆಳಗೆಲ್ಲ ಹಿಮ ಬಿದ್ದಿತ್ತು.

ನಾನು ಈ ಕೆಲಸಕ್ಕೆ ಸೇರಿದ ವರ್ಷ
ಇದೇ ಕಿಟಕಿಯಿಂದ ಗುಡ್ಡದ ಬುಡದಲ್ಲಿ
ಬೆರಳು ಮಡಿಚಿ ಎಣಿಸುವಷ್ಟು ಗುಡಾರ.
ಹುಲ್ಲುಗಾವಲು ಹೆಪ್ಪುಗಟ್ಟಿದ ಚಳಿಗಾಲಗಳಲ್ಲಿ
ಕುರಿ ಸತ್ತವರು ಬಂದರು, ಕುದುರೆ ಮಾರಿದವರು ಬಂದರು,
ಅವರ ಹಿಂದೆ ಷಡ್ಡಕರು, ನಾದಿನಿಯರು.
ಬೇಲಿಯ ಮೇಲೊಂದು ಬೇಲಿ ಏರುತ್ತ ಏರುತ್ತ
ಈಗ ಗುಡ್ಡದ ನೆತ್ತಿಯಲ್ಲೂ ಒಂದು ಹೊಗೆಕೊಳವೆ.
ಸುತ್ತ ಬೆಟ್ಟ, ನಡುವೆ ನಾವು:
ಗಡಿಗೆಯ ಬಾಯಿ ಮುಚ್ಚಿ
ಒಳಗೆ ಒಲೆ ಹಚ್ಚಿದ ಹಾಗೆ.

ಕಳೆದ ವಾರ ಜನಗಣತಿಯವನು ಬಂದಿದ್ದ.
ಇಂಕು ಕಲ್ಲಾಗಿತ್ತು, ಪೆನ್ನನ್ನು ನಮ್ಮ ಒಲೆಗೆ ಹಿಡಿದು ಕರಗಿಸಿ
ಕೇಳಿದ, ಮನೆಯಲ್ಲಿ ಎಷ್ಟು ಜನ?
ಅಮ್ಮ, ನಾನು, ತಂಗಿ ಸರ್ನಾಯ್, ಅವಳ ಗಂಡ,
ಎರಡು ಮಕ್ಕಳು, ಮತ್ತೆ ಇದೊಂದು, ಎಂದಳು ತಂಗಿ
ಹೊಟ್ಟೆಯ ಮೇಲೆ ಕೈಯಿಟ್ಟು.
ಹುಟ್ಟದ್ದನ್ನು ಬರೆಯುವ ಹಾಗಿಲ್ಲ, ಎಂದ.
ಬರೆಯದಿದ್ದರೂ ಅದು ಇದೇ ಹೊಗೆ ಉಣ್ಣುತ್ತಿದೆಯಲ್ಲ, ಎಂದೆ.
ಕಳೆದ ಜನವರಿಯಲ್ಲಿ ಇಳಿದುಹೋದದ್ದರ ಬಗ್ಗೆ
ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ.
ಅದಕ್ಕೆ ಅವನ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಜನ ಹೆಚ್ಚಾದದ್ದೇ ರೋಗ ನೋಡಿ,
ಎನ್ನುತ್ತ ಅವನೂ ಕೆಮ್ಮಿದ.
ಅಭ್ಯಾಸಬಲ, ಅವನ ಎದೆ ಎಣಿಸಿದೆ: ಇಪ್ಪತ್ತಾರು.
ಹಾಗಾದರೆ ಯಾರನ್ನು ಕಳೆಯೋಣ, ಅಣ್ಣ,
ನಿನ್ನಿಂದ ಶುರುಮಾಡೋಣವೆ
ಎಂದು ನಾಲಿಗೆಯ ತುದಿಗೆ ಬಂದಿತ್ತು.
ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟೆ.
ಎರಡು ಬಟ್ಟಲು ಕುಡಿದ.

ಬೆಳಗಿನ ಜಾವ ತೆಮುಲೆನ್‌ಗೆ ಐವತ್ತೆಂಟು.
ಇದನ್ನು ಒಳ್ಳೆಯ ಸುದ್ದಿ ಎಂದೇ ಬರೆದುಕೊಂಡೆ.
ಬಸ್ಸಿಳಿದು ಏರುದಾರಿಯಲ್ಲಿ ಮಾಸ್ಕು ಹಿಮಗಟ್ಟಿ
ಮುಖಕ್ಕೆ ಹಲಗೆಯಾಯಿತು.
ಬಾಗಿಲಲ್ಲಿ ಅಮ್ಮ, ಮರದ ಚಮಚ ಎತ್ತಿ
ದಿನದ ಮೊದಲ ಹಾಲನ್ನು
ನೀಲಿ ಆಕಾಶಕ್ಕೆ ಎರಚುತ್ತಿದ್ದಳು.
ಆಕಾಶ ಇರಲಿಲ್ಲ.
ಅದು ಇರಬೇಕಾದ ದಿಕ್ಕಿಗೆ ಎರಚಿದಳು.

ಒಳಗೆ ಒಲೆ ಆರಿತ್ತು.
ಎರಡು ಸಲಿಕೆ ಕಲ್ಲಿದ್ದಲು.
ನಮ್ಮ ಹೊಗೆ ಯಾವ ದಾರಿ ಹಿಡಿಯುತ್ತದೆ, ನನಗೆ ಗೊತ್ತು:
ಬೇಲಿ ದಾಟಿ, ಇಳಿಜಾರು ಇಳಿದು,
ಬಸ್ಸಿಗಿಂತ ಮೊದಲೇ ವಾರ್ಡು ತಲುಪುತ್ತದೆ.
ಮೂರನೆಯದಕ್ಕೆ ಕೈ ತಡೆಯಿತು.

ಮೂಲೆಯಲ್ಲಿ ತಂಗಿಯ ಚಿಕ್ಕವನು
ಹೊದಿಕೆಯೊಳಗೆ ಮೊಣಕಾಲು ಮಡಚಿ ನಡುಗಿದ.

ಹಾಕಿದೆ.